ಅಕ್ಕನ ಕೆಂಪು ಟಿಕ್

ಬೀದಿಯವರ ಬಾಯಲ್ಲಿ ಅವನು ಚೀಟಿ ಮಾಮ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ಸವೆದ ಜೀವ. ಅಂಗಿಯ ಜೇಬಿನ ತುಂಬ ಚೀಟಿ. ಒಂದೊಂದರ ಮೇಲೂ ಯುರೋಪಿನ ಎರಡು ಭಾಷೆಗಳಿಂದ ಹೆಕ್ಕಿದ, ನೋಡಲು ಒಂದೇ ಥರ ಇರುವ ಎರಡು ಪದ. ಈ ಹುಚ್ಚು ಹಿಡಿಸಿದವಳು ಅಕ್ಕ. ಔಷಧಿ ಡಬ್ಬಿಯೊಳಗೆ ಮಡಚಿಡುವ ಕಾಗದವನ್ನು ನಾಲ್ಕು ಭಾಷೆಗಳಿಗೆ ಅನುವಾದಿಸುವ ಆಫೀಸು ಅವಳದು. ಇಬ್ಬರಿಗೂ ಮದುವೆ ಗಿದುವೆ ಆಗಲಿಲ್ಲ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಎರಡು ಡ್ರಾಯರ್, ಅಷ್ಟೇ ಸಂಸಾರ.

ಮೇಲಿನ ಡ್ರಾಯರ್ ಒಡಹುಟ್ಟಿದ ಪದಗಳಿಗೆ. ಇಂಗ್ಲಿಷಿನ ‘ಗಿಫ್ಟ್’ ಉಡುಗೊರೆ, ಜರ್ಮನ್ನಿನ ‘ಗಿಫ್ಟ್’ ವಿಷ. ಆದರೂ ಎರಡೂ ‘ಕೊಡು’ ಎನ್ನುವ ಒಂದೇ ಮಾತಿನ ಹೊಟ್ಟೆಯಲ್ಲಿ ಹುಟ್ಟಿದವು, ಹಾಗಾಗಿ ಮೇಲೆ. ಕೆಳಗಿನದು ಬರೀ ಮುಖ ಹೋಲುವವರಿಗೆ. ‘ಬುರ್ರೊ’ ಅಲ್ಲಿತ್ತು.

“ಇಟಲಿಯವರು ಬ್ರೆಡ್ಡಿಗೆ ಸವರೋ ಬೆಣ್ಣೆ, ಸ್ಪೇನಿನವರಿಗೆ ಕತ್ತೆ ಕಣೋ. ಅಂಗಡೀಲಿ ಕೇಳುವಾಗ ಜೋಪಾನ,” ಎನ್ನುತ್ತಿದ್ದಳು ಅಕ್ಕ.

ಹಳೆಯ ಪುಸ್ತಕಗಳಲ್ಲಿ ಮೂಲ ಸಿಗದೆ ಯಾವ ಜೋಡಿಗೂ ಮೇಲಕ್ಕೆ ಬಡ್ತಿಯಿಲ್ಲ. ಚೀಟಿ ಜಾಗ ಬದಲಿಸಬೇಕಾದರೆ ಅಕ್ಕನ ಕೆಂಪು ಟಿಕ್ ಬೇಕೇ ಬೇಕು.

ಎರಡು ವರ್ಷದಿಂದ ಅಕ್ಕನಿಗೆ ಮರೆವು. ಮೊದಲು ಗ್ಯಾಸ್ ಆರಿಸುವುದು ಮರೆತಳು, ಆಮೇಲೆ ಮನೆಯ ದಾರಿ. ಈಗ ಆರೈಕೆ ಕೇಂದ್ರದ ಎರಡನೇ ಮಹಡಿಯಲ್ಲಿ ಒಂದು ಕೋಣೆ. ಮೇಜು, ಕುರ್ಚಿಗಳನ್ನೂ ಮಾಮ ಅಲ್ಲಿಗೇ ಸಾಗಿಸಿದ್ದ. ಚೀಟಿಗಳೆಲ್ಲ ಸೇರಿ ಪುಸ್ತಕವಾಗಬೇಕು, ಅದನ್ನು ಅಕ್ಕ ತನ್ನ ಪುಸ್ತಕವೆಂದು ಗುರುತಿಸಿ ಕೈಯಲ್ಲಿ ಹಿಡಿಯಬೇಕು, ಇದೊಂದೇ ಅವನ ಆಸೆ. ಉಳಿದದ್ದು ಒಂದೇ ಚೀಟಿ. ಇಂಗ್ಲಿಷಿನ ‘ಡೇ’, ಸ್ಪ್ಯಾನಿಷಿನ ‘ದೀಯಾ’. ಎರಡಕ್ಕೂ ಅರ್ಥ ದಿನ.

ಅಕ್ಕ ಕನ್ನಡಕ ಏರಿಸಿ ನೋಡಿದಳು. “ಇದನ್ನ ಮೇಲೆ ಇಟ್ಟ ಮಹಾನುಭಾವ ಯಾರೋ?”

“ನೀನೇ ಅಕ್ಕ. ಮೂವತ್ತು ವರ್ಷ ಆಯ್ತು.”

“ಥೂ, ಮುಖ ನೋಡಿ ಮರುಳಾಗಿದ್ದೀನಿ. ಅರ್ಥ ಒಂದೇ ಆದ್ರೇನು, ಇವೆರಡರ ಬೇರೇ ಬೇರೆ.” ಕೆಂಪು ಟಿಕ್ ನೆಟ್ಟಗೆ ಬಿತ್ತು.

ಮಾಮನಿಗೆ ಹೋದ ಉಸಿರು ಬಂದಂತಾಯಿತು. “ಅಂತೂ ಮುಗೀತು ನೋಡಕ್ಕ. ಪುಸ್ತಕದ ಮೇಲೆ ನಮ್ಮಿಬ್ಬರ ಹೆಸರು.”

ಅಕ್ಕ ತಲೆಯೆತ್ತಿದಳು. “ಇಬ್ಬರು ಅಂದ್ರೆ? ನೀವ್ಯಾರು?”

ಆ ‘ನೀವು’ ಕೇಳಿ, ಕೆಳಗಿನ ಡ್ರಾಯರಿನತ್ತ ಹೊರಟಿದ್ದ ಚೀಟಿ ಮಾಮನ ಕೈಯಲ್ಲೇ ನಿಂತಿತು.

“ನಿನ್ನ ತಮ್ಮ, ಅಕ್ಕ.”

“ಹೋಲ್ತೀರಿ. ಮೂಗು, ಕಿವಿ ಎಲ್ಲಾ ಹಾಗೇ ಇದೆ. ಹೋಲಿದ್ರೆ ಸಾಕಾ? ಮೂಲ ಎಲ್ಲಿ?”

ಅವನು ಹೇಳಿದ. ಅಕ್ಕ ಸೈಕಲ್ ಕಲಿಸಿದ್ದು, ಚರಂಡಿಗೆ ಬಿದ್ದು ಮೊಣಕೈ ಹರಿದದ್ದು, ಅಮ್ಮನಿಗೆ ಗೊತ್ತಾಗದಂತೆ ಅಂಗಿಯ ತೋಳು ಹೊಲಿದುಕೊಟ್ಟದ್ದು. ತೋಳು ಮಡಚಿ ಗಾಯದ ಗುರುತನ್ನೂ ತೋರಿಸಿದ. ಅಕ್ಕ ಪ್ರೂಫ್ ಓದುವವಳಂತೆ ಕಣ್ಣು ಕಿರಿದಾಗಿಸಿ ಕೇಳಿದಳು, ಕೊನೆಗೆ ಇಲ್ಲವೆಂದು ತಲೆಯಾಡಿಸಿದಳು.

“ಇದೆಲ್ಲ ಅವನೇ ನಿಮಗೆ ಹೇಳಿರ್ತಾನೆ. ಅವನ ಬಾಯಲ್ಲಿ ಒಂದೂ ನಿಲ್ಲಲ್ಲ. ಗಾಯ ಯಾರಿಗಾಗಲ್ಲ ಹೇಳಿ?”

ಮಾಮ ಅಂಗಿಯ ತೋಳು ಇಳಿಸಿಕೊಂಡ. ಅವನ ಮುಖ ಕಂಡು ಅಕ್ಕನಿಗೇ ಪಾಪ ಅನ್ನಿಸಿತೇನೋ.

“ಬೇಜಾರು ಮಾಡ್ಕೋಬೇಡಿ. ನಿಮಗೆ ಕೆಲಸ ಬರುತ್ತೆ. ನನ್ನ ತಮ್ಮ ಬರೋವರೆಗೂ ನೀವೇ ಬಂದು ಬರ್ಕೊಡಿ. ಆದ್ರೆ ಅವನ ಕುರ್ಚೀಲಿ ಮಾತ್ರ ಕೂರಬೇಡಿ. ಅವನಿಗೆ ಆಗಲ್ಲ.”

ಮಾಮ ಎದ್ದು ಮಂಚದ ತುದಿಯಲ್ಲಿ ಕೂತ. ಪೆನ್ನಿನ ಮುಚ್ಚಳ ತೆಗೆದು, “ಹೇಳಿ, ಬರ್ಕೋತೀನಿ,” ಅಂದ.