ಗಡಿ ದಾಟಿ ದಾಟಿ ಮೆಸೇಜು ತುಂಬಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಪೊಲೀಸರಿಗಿಂತ ಚಿಕ್ಕಮ್ಮನ ಭಯ ಹೆಚ್ಚು. ಇದು ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಆದರೆ ಆ ಭಯಕ್ಕೆ ಅವನು ಜೈಲಿಗೆ ಹೋಗಲೂ ತಯಾರಾಗುತ್ತಾನೆಂದು ನಾನಂತೂ ಎಣಿಸಿರಲಿಲ್ಲ.

ತಲೆಯ ಮೇಲೆ ಪುಟ್ಟ ಟಾರ್ಚು ಇದ್ದ ಫೋನುಗಳ ಕಾಲ ಅದು. ನಾನು ಹೊಸೂರು ಬಸ್ ಸ್ಟ್ಯಾಂಡಿನ ಎದುರು ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಚಿಕ್ಕಪ್ಪ ಒಂದು ಫ್ಯಾಕ್ಟರಿಯ ಸ್ಟೋರು ನೋಡಿಕೊಳ್ಳುತ್ತಿದ್ದ. ಬೀಗದ ಕೈ ಸದಾ ಅವನ ಸೊಂಟದಲ್ಲೇ. ಆ ವರ್ಷ ಚಿಕ್ಕಮ್ಮನ ಒತ್ತಾಯಕ್ಕೆ ಮಣಿದು ಶಬರಿಮಲೆಗೆ ಮಾಲೆ ಹಾಕಿದ್ದ. ಕಪ್ಪು ಪಂಚೆ, ಬರಿಗಾಲು, ತಣ್ಣೀರು ಸ್ನಾನ, ಈರುಳ್ಳಿ ಕೂಡ ಸೋಕದ ಊಟ. ಭಾನುವಾರವೆಂದರೆ ಮೂಳೆ ಕಡಿಯುವ ದಿನ ಎಂದು ನಂಬಿದ್ದ ಮನುಷ್ಯ ಹೀಗೆ ಬದಲಾದದ್ದು ಕಂಡು ಚಿಕ್ಕಮ್ಮ ಹಿರಿಹಿರಿ ಹಿಗ್ಗಿದ್ದಳು. ಗಂಡನನ್ನು ‘ಸಾಮಿ’ ಎಂದೇ ಕರೆಯುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ ಸ್ಟೋರಿನಿಂದ ತಾಮ್ರದ ತಂತಿಯ ಸುರುಳಿಗಳು ಮಾಯವಾದವು. ಬೀಗ ಒಡೆದಿರಲಿಲ್ಲ. ಆ ಹೊತ್ತಿನಲ್ಲಿ ಚಿಕ್ಕಪ್ಪ ಕೆಲಸದ ಜಾಗದಲ್ಲೂ ಇರಲಿಲ್ಲ. ಎಲ್ಲಿದ್ದೆ ಎಂದರೆ ಭಜನೆಗೆ ಹೋಗಿದ್ದೆ ಎಂದ. ಭಜನೆ ನಡೆಸುವ ಗುರುಸ್ವಾಮಿಯನ್ನು ಕೇಳಿದರೆ, ಅವನು ಆ ದಿನ ಬಂದೇ ಇಲ್ಲ ಎಂದರು. ಅಲ್ಲಿಗೆ ಅನುಮಾನವೆಲ್ಲ ಅವನ ಮೇಲೇ ಬಂತು.

ಸಬ್ ಇನ್ಸ್‌ಪೆಕ್ಟರು ದೈವಭಕ್ತ ಮನುಷ್ಯ. ಮಾಲೆ ನೋಡಿ, ‘ಉಕ್ಕಾರುಂಗ ಸಾಮಿ’ ಎಂದು ಕುರ್ಚಿ ಕೊಟ್ಟೇ ವಿಚಾರಣೆ ಮಾಡಿದರು. ಕೃಷ್ಣಗಿರಿಯಿಂದ ಲ್ಯಾಪ್‌ಟಾಪಿನವರು ಬರುತ್ತಾರೆ, ಅಳಿಸಿದ ಮೆಸೇಜನ್ನೂ ತೆಗೆಯುತ್ತಾರೆ, ಯಾರ ಜೊತೆ ಏನು ಮಾತಾಡಿದ್ದೀರಿ ಗೊತ್ತಾಗುತ್ತದೆ, ಸೋಮವಾರ ಫೋನು ತನ್ನಿ ಎಂದು ತಮಿಳಿನಲ್ಲಿ ಹೇಳಿದರು. ಬೇರೆ ಯಾರಾಗಿದ್ದರೂ ಫೋನು ಅಲ್ಲೇ ಕಿತ್ತಿಟ್ಟುಕೊಳ್ಳುತ್ತಿದ್ದರು. ಮಾಲೆ ಹಾಕಿದವರು ಮೋಸ ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಅದು ಚಿಕ್ಕಪ್ಪನ ಜೇಬಿನಲ್ಲೇ ಉಳಿಯಿತು.

ಶನಿವಾರ ಸಂಜೆ ಅವನು ನಮ್ಮ ಅಂಗಡಿಗೆ ಬಂದ. ‘ಸುಮ್ಕೆ ಕೇಳ್ತೀನಿ ಕಣ್ಲಾ. ಅಳಿಸಿದ್ ಮೆಸೇಜು ಎಲ್ಲಿಗೋಯ್ತದೆ?’

‘ಎಲ್ಲಿಗೂ ಹೋಗಲ್ಲ ಚಿಕ್ಕಪ್ಪ, ಸಿಮ್ಮಲ್ಲೇ ಇರ್ತದೆ.’ ನನಗೆ ಗೊತ್ತಿದ್ದ ವಿದ್ಯೆ ಬಿಚ್ಚಲು ಇದಕ್ಕಿಂತ ಒಳ್ಳೆ ಗಿರಾಕಿ ಸಿಗುವಂತಿರಲಿಲ್ಲ. ‘ಬಸ್ಸಲ್ಲಿ ಕಂಡಕ್ಟರು ಈ ಸೀಟು ಖಾಲಿ ಅಂತ ಕೂಗ್ತಾನೆ ಅಂದ್ಕೋ, ಕೂತಿರೋನು ಮಾತ್ರ ಎದ್ದಿರಲ್ಲ. ಅಳಿಸೋದು ಅಂದ್ರೆ ಅಷ್ಟೇ. ಸಿಮ್ಮನ್ನ ಲ್ಯಾಪ್‌ಟಾಪಿಗೆ ಹಾಕಿದ್ರೆ ಕೂತಿರೋನು ಕಾಣಿಸ್ಬುಡ್ತಾನೆ.’

‘ಆ ಸೀಟಿಗೆ ಹೊಸಬ್ನು ಬಂದ್ರೆ?’

‘ಆಗ ಹಳಬ್ನು ನಿಜವಾಗ್ಲೂ ಹೋದ. ಹೊಸ ಮೆಸೇಜು ಬಂದು ಅದ್ರ ಮ್ಯಾಲೇ ಕೂತ್ಕೊತದೆ. ಸಿಮ್ಮಲ್ಲಿ ಸೀಟು ಇರೋದೂ ಹತ್ತೋ ಹದಿನೈದೋ ಅಷ್ಟೇ.’

ಚಿಕ್ಕಪ್ಪನ ಮುಖ ಅರಳಿತು. ಅದು ಯಾಕೆಂದು ನನಗೆ ಹೊಳೆಯಲಿಲ್ಲ. ಹೊಸ ಮೆಸೇಜು ಕಳಿಸುವವರಾದರೂ ಯಾರು? ನಮ್ಮ ನೆಂಟರಿಷ್ಟರದ್ದೆಲ್ಲ ಮಿಸ್ಡ್ ಕಾಲಿನ ವ್ಯವಹಾರ.

ಭಾನುವಾರ ಅಂಗಡಿಯ ಸಾಮಾನು ತರಲು ಅತ್ತಿಬೆಲೆಗೆ ಹೊರಟೆ. ಜೂಜುವಾಡಿ ದಾಟಿದರೆ ಕರ್ನಾಟಕ. ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಹೆದ್ದಾರಿಯ ಅಂಚಿನಲ್ಲಿ ಕಪ್ಪು ಪಂಚೆಯ ಚಿಕ್ಕಪ್ಪ ಫೋನನ್ನು ಆಕಾಶಕ್ಕೆ ಎತ್ತಿ ನಿಂತಿದ್ದಾನೆ. ಫೋನು ಕುಂಯ್ ಎಂದಿತೇನೋ, ನೋಡಿ ತಲೆಯಾಡಿಸಿ, ತಿರುಗಿ ಹೊಸೂರಿನ ಕಡೆ ನಡೆದ. ನಾನು ಸಾಮಾನು ಕೊಂಡು ವಾಪಸ್ಸು ಬರುವಾಗ ಮತ್ತೆ ಅತ್ತಿಬೆಲೆಯ ಕಡೆ ನಡೆಯುತ್ತಿದ್ದ. ಆಗ ನನಗೆ ಅರ್ಥವಾಯಿತು. ತಮಿಳುನಾಡಿನ ಸಿಮ್ಮು ಗಡಿ ದಾಟಿದಾಗಲೆಲ್ಲ ಕಂಪನಿಯವರು ‘ಕರ್ನಾಟಕಕ್ಕೆ ಸ್ವಾಗತ’ ಎಂದು ಒಂದು ಮೆಸೇಜು ಕಳಿಸುತ್ತಿದ್ದರು. ನಮ್ಮವರಿಗೆಲ್ಲ ಅದು ಕಿರಿಕಿರಿ. ಚಿಕ್ಕಪ್ಪ ಅದನ್ನೇ ಕರೆಕರೆದು ಸಿಮ್ಮಿನೊಳಗೆ ತುಂಬುತ್ತಿದ್ದ.

ಸಂಜೆ ಮನೆಗೆ ಹೋದರೆ ಅವನು ಬೊಬ್ಬೆ ಎದ್ದ ಪಾದಗಳನ್ನು ನೀರಿನಲ್ಲಿಟ್ಟು ಕೂತಿದ್ದ. ಚಿಕ್ಕಮ್ಮ ಅರಿಸಿನ ತೇಯುತ್ತಿದ್ದಳು. ‘ನೋಡ್ಲಾ, ಸಾಮಿ ಬೆಟ್ಟ ಹತ್ತಾಕೆ ಇವಾಗ್ಲಿಂದ್ಲೇ ನಡೆದು ಅಭ್ಯಾಸ ಮಾಡ್ತಾವ್ರೆ’ ಎಂದಳು. ನಗು ತಡೆಯಲಾರದೆ ನಾನು ಹಿತ್ತಲಿಗೆ ಓಡಿದೆ. ಅಲ್ಲಿ ನಿಂತಾಗ ಮಾತ್ರ ಒಂದು ಅನುಮಾನವೂ ಎದ್ದಿತು. ಇಷ್ಟು ಕಷ್ಟಪಟ್ಟು ಮುಚ್ಚುತ್ತಿದ್ದಾನೆಂದರೆ ತಂತಿಯನ್ನು ಇವನೇ ಕದ್ದಿರಬಹುದೇ?

ಸೋಮವಾರ ಠಾಣೆಗೆ ನಾನೂ ಹೋದೆ. ಚಿಕ್ಕಮ್ಮ ವ್ರತದ ಊಟವನ್ನು ಕ್ಯಾರಿಯರಿನಲ್ಲಿ ಹಿಡಿದು ಬಂದಿದ್ದಳು. ಕೃಷ್ಣಗಿರಿಯವರು ಸಿಮ್ಮು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಪರದೆಯ ತುಂಬ ಸ್ವಾಗತವೋ ಸ್ವಾಗತ.

ಸಬ್ ಇನ್ಸ್‌ಪೆಕ್ಟರ ಹುಬ್ಬು ಗಂಟಾಯಿತು. ಒಂದೇ ದಿನ ಇಷ್ಟು ಸಲ ಗಡಿ ದಾಟಿದ್ದೀರಿ, ತಂತಿ ಮಾರಿದ್ದು ಅತ್ತಿಬೆಲೆಯಲ್ಲೋ ಆನೇಕಲ್ಲಿನಲ್ಲೋ ಎಂದು ಕೇಳಿದರು. ಗಣಪತಿ ಮಾಡಲು ಹೋಗಿ ಕೋತಿ ಮಾಡಿದಂತಾಯಿತು ಚಿಕ್ಕಪ್ಪನ ಕತೆ. ಇನ್ನು ಒಳಗೆ ಹಾಕುವುದೇ ಬಾಕಿ ಎನ್ನುವಾಗ ಲ್ಯಾಪ್‌ಟಾಪಿನವರು ಕಡೆಯ ಸಾಲಿಗೆ ಬೆರಳಿಟ್ಟರು. ಅಳಿಸಿದ ಒಂದು ಮೆಸೇಜು ಅಲ್ಲಿ ಹಾಗೇ ಕೂತಿತ್ತು. ಕಾಲಿನ ಬೊಬ್ಬೆಯಿಂದಾಗಿ ಚಿಕ್ಕಪ್ಪ ಒಂದು ಸಲ ಕಡಿಮೆ ದಾಟಿದ್ದ.

ತಾರೀಖು ಅದೇ ಗುರುವಾರದ್ದು, ಹೊತ್ತು ಮಧ್ಯಾಹ್ನದ್ದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಾದ್ದರಿಂದ ಓದುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಪ್ಪ ಕಣ್ಣಲ್ಲೇ ಬೇಡಿಕೊಂಡ. ಓದದಿದ್ದರೆ ಅವನು ಕಳ್ಳ, ಓದಿದರೆ ಅವನ ಸಂಸಾರದ ಗತಿ ದೇವರೇ ಬಲ್ಲ. ನಾನು ಓದಿದೆ.

‘ಮಟನ್ ಬಿರಿಯಾನಿ ದಮ್ ಇಳಿಸ್ತಿದೀನಿ. ಹಿಂದಿನ ಬಾಗಿಲಿಂದ ಬಾ. ಮಾಲೆ ಅಂಗಿ ಒಳಗೆ ಹಾಕ್ಕೋ.’

ಆಮೇಲೆ ಅದನ್ನೇ ತಮಿಳಿನಲ್ಲಿ ಹೇಳಿದೆ. ಚಿಕ್ಕಮ್ಮನಿಗೆ ಎರಡು ಭಾಷೆಯೂ ಬರುತ್ತಿದ್ದುದರಿಂದ ಎರಡು ಸಲ ಕೇಳಿದಂತಾಯಿತು. ಸಬ್ ಇನ್ಸ್‌ಪೆಕ್ಟರು ಆ ನಂಬರಿಗೆ ಅಲ್ಲೇ ಫೋನು ಮಾಡಿದರು. ಬಾಗಲೂರು ರಸ್ತೆಯ ಬಿರಿಯಾನಿ ಮಾಸ್ಟರ್ ಮೊದಲು ತೊದಲಿದ. ಆಮೇಲೆ, ಸಾಮಿ ತಿಂದು ಅಕ್ಕಿ ಮೂಟೆಯ ಮೇಲೆ ಸಂಜೆಯವರೆಗೂ ಮಲಗಿದ್ದರು ಎಂದು ಒಪ್ಪಿಕೊಂಡ. ಸಬ್ ಇನ್ಸ್‌ಪೆಕ್ಟರು ಚಿಕ್ಕಪ್ಪನನ್ನು ಕುರ್ಚಿಯಿಂದ ಏಳಿಸಿ, ಮನೆಗೆ ಹೋಗು ಎಂದರು. ನಕಲಿ ಕೀಲಿ ಮಾಡಿಸಿದ್ದ ನಿಜವಾದ ಕಳ್ಳ ಮುಂದೆ ಜವಳಗಿರಿಯಲ್ಲಿ ಸಿಕ್ಕಿಬಿದ್ದ.

ಚಿಕ್ಕಮ್ಮ ಕ್ಯಾರಿಯರು ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಮುಂದೆ ಮುಂದೆ ನಡೆದಳು. ನನಗೆ ಮೊದಲ ಸಲ ಚಿಕ್ಕಪ್ಪನ ಮೇಲೆ ನಿಜವಾಗಿ ಕನಿಕರ ಹುಟ್ಟಿತು. ಕುಂಟುತ್ತ ಬಂದು ಅವಳ ಪಕ್ಕದಲ್ಲಿ ನಿಂತು ಅವನು ಮೆಲ್ಲಗೆ ಹೇಳಿದ, ‘ಇದ್ಕಿಂತ ಕಳ್ಳ ಅಂತ ಒಳಗ್ ಹಾಕ್ಬುಟ್ಟಿದ್ರೇ ಚೆಂದಾಗಿತ್ತು ಕಣೇ.’

ಚಿಕ್ಕಮ್ಮ ಅವನ ಕಡೆ ತಿರುಗಲಿಲ್ಲ. ‘ಊರೆಲ್ಲಾ ಒಂದಾಗಿ ನಿಮ್ಮನ್ನ ಕಳ್ಳ ಅಂದಿದ್ರೂ ನಾನು ನಂಬ್ತಿರ್ಲಿಲ್ಲ’ ಎಂದಳು. ‘ಇದನ್ನ ಮಾತ್ರ ಇವ್ನು ಓದಿ ಮುಗಿಸೋಕ್ ಮುಂಚೇನೇ ನಂಬ್ಬುಟ್ಟೆ.’