ಊಟದ ಕೋಣೆಗೆ ಬಂದ ಕೊಂತೆಸ್ಸಾ

ನಮ್ಮ ಸೊರಾವಿಲ್ಲಾ ಊರಿನ ನೆಲ ಎಷ್ಟು ಇಳಿಜಾರೆಂದರೆ, ಇಲ್ಲಿ ಕೋಳಿ ಮೊಟ್ಟೆ ಇಟ್ಟರೆ ಕೆಳಗಿನ ಊರಿನವರು ಆಮ್ಲೆಟ್ ಮಾಡಿಕೊಳ್ಳುತ್ತಾರೆ. ಎದುರಿಗೆ ಕ್ರೆತಾ ಬಿಯಾಂಕಾ. ಅದನ್ನು ಬೆಟ್ಟ ಎನ್ನುವುದು ಮರ್ಯಾದೆಗೆ. ನಿಜಕ್ಕೂ ಅದು ದೇವರು ನಮ್ಮ ಮೂಗಿನ ಮುಂದೆ ಎಬ್ಬಿಸಿಟ್ಟ ಗೋಡೆ. ನವೆಂಬರಿನಲ್ಲಿ ಸೂರ್ಯನನ್ನು ನುಂಗಿತೆಂದರೆ ಫೆಬ್ರುವರಿಯವರೆಗೆ ಉಗುಳುವುದಿಲ್ಲ. ನಮ್ಮಜ್ಜ ಬೆಳಿಗ್ಗೆ ಕಿಟಕಿ ತೆರೆದು ಅದಕ್ಕೆ ಒಂದು ಬೈಗುಳ ಹಾಕಿ, ಆಮೇಲೆ ಮುಖ ತೊಳೆಯುತ್ತಿದ್ದ. ಈಗ ಅದೇ ಬೆಟ್ಟವನ್ನು ನೋಡುವುದಕ್ಕೆಂದು ಜನ ದೂರದೂರದಿಂದ ಬಂದು, ಕುರ್ಚಿ ಹಾಕಿಕೊಂಡು ಕೂತು, ನಿಟ್ಟುಸಿರು ಬಿಡುತ್ತಾರೆ. ಏನು ನೋಡುತ್ತಾರೆ, ಯಾಕೆ ನಿಟ್ಟುಸಿರು ಬಿಡುತ್ತಾರೆ ಎಂಬುದು ಒನೊರಿನಾಗೆ ಇವತ್ತಿಗೂ ಗೊತ್ತಾಗಿಲ್ಲ.

ಒನೊರಿನಾ ನನ್ನ ಪಕ್ಕದ ಮನೆಯವಳು. ಹುಟ್ಟಿದ್ದು ಆ ಮನೆಯ ಮಹಡಿಯಲ್ಲಿ, ಬೆಳೆದದ್ದು ಕೆಳಗಿನ ಕೊಟ್ಟಿಗೆಯಲ್ಲಿ. ಅಪ್ಪ ಕಲ್ಲು ಒಡೆಯುತ್ತಿದ್ದ, ಅಮ್ಮ ಬೆನ್ನಿನ ಮೇಲೆ ಹುಲ್ಲು ಹೊರುತ್ತಿದ್ದಳು. ಒನೊರಿನಾ ಎರಡನ್ನೂ ಮಾಡಿದಳು. ಅವಳ ಕೈ ಹೇಗಿದೆಯೆಂದರೆ, ಕೈಕುಲುಕಿದವರು ಮನೆಗೆ ಹೋಗಿ ಬೆರಳು ಎಣಿಸಿಕೊಳ್ಳುತ್ತಾರೆ. ಮದುವೆಯಾಗಲಿಲ್ಲ. ಹುಡುಗನಾಗಿದ್ದಾಗ ನಾನೇ ಒಮ್ಮೆ ಕೇಳಿದ್ದೆ. "ಇರು ತೀತಾ, ಹಾಲು ಕರೆದು ಬಂದು ಹೇಳ್ತೀನಿ" ಅಂದಳು. ಇನ್ನೂ ಕರೆಯುತ್ತಿದ್ದಾಳೆ.

ಒಂದು ರಾತ್ರಿಯೂ ಅವಳು ಬೇರೆಯವರ ಮನೆಯಲ್ಲಿ ಅತಿಥಿಯಾಗಿ ಮಲಗಿದವಳಲ್ಲ. ಅಂಥವಳು ಅತಿಥಿಗೃಹ ನಡೆಸಬೇಕಾಗಿ ಬಂದದ್ದು ಅವಳ ಅಣ್ಣನ ಮಗಳು ಓರ್ನೆಲ್ಲಾಳಿಂದ. ಓರ್ನೆಲ್ಲಾ ಊದಿನೆ ಪಟ್ಟಣದಲ್ಲಿರುವ ಚುರುಕು ಹೆಂಗಸು. ಅತ್ತೆಯ ಮೇಲೆ ಅವಳಿಗೆ ಜೀವ. ಅವಳು ಮಾತಾಡುವ ರಭಸಕ್ಕೆ ಒಲೆಯ ಬೆಂಕಿ ಒಂದು ಕಡೆಗೆ ವಾಲುತ್ತದೆ.

"ಅತ್ತೆ, ಚಳಿಗಾಲದಲ್ಲಿ ಮಂಜು ಸರಿಸ್ಕೊಂಡು ಕೊಟ್ಟಿಗೆಗೆ ಹೋಗಿ ಬಿದ್ರೆ ಯಾರು ನೋಡ್ತಾರೆ? ಮಹಡಿ ಮೇಲೆ ಮೂರು ಕೋಣೆ ಖಾಲಿ ಬಿದ್ದಿವೆ. ಕೊಟ್ಟಿಗೆನೇ ಊಟದ ಕೋಣೆ ಮಾಡೋಣ. ಒಂದು ದೊಡ್ಡ ಕಿಟಕಿ ಇಟ್ರೆ ಸಾಕು, ಬೆಟ್ಟ ಬಂದು ತಟ್ಟೆಗೇ ಬೀಳುತ್ತೆ."

"ಬೀಳೋದೇ ನಮ್ಮ ಭಯ" ಅಂದಳು ಒನೊರಿನಾ. "ಕೊಂತೆಸ್ಸಾ ಎಲ್ಲಿರ್ತಾಳೆ?"

ಕೊಂತೆಸ್ಸಾ, ಅಂದರೆ ದೊರೆಸಾನಿ, ಅವಳ ಹಸು. ಒಂದೇ ಹಸು. ಬೂದು ಮೈ, ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಅಂಚು, ನಡೆದರೆ ಸಾಲ ಕೊಟ್ಟವಳ ನಡಿಗೆ.

"ಹಸು ಎರ್ಮೆಸ್ ಮಾಮನ ಕೊಟ್ಟಿಗೆಗೆ ಹೋಗುತ್ತೆ. ಅವರ ಹತ್ರ ಜಾಗ ಇದೆ, ನಾನು ಮಾತಾಡಿದೀನಿ."

ಎರ್ಮೆಸ್ ಊರಿನ ದನಗಳನ್ನು ಬೇಸಿಗೆಯಲ್ಲಿ ಮೇಲಿನ ಗೋಮಾಳಕ್ಕೆ ಹೊಡೆದುಕೊಂಡು ಹೋಗಿ, ಚಳಿಗೆ ಮುಂಚೆ ಇಳಿಸಿ ತರುವವನು. ಒನೊರಿನಾ ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. "ನೋಡೋಣ" ಅಂದಳು. ನಮ್ಮೂರಲ್ಲಿ "ನೋಡೋಣ" ಅಂದರೆ ಆ ವಿಷಯದ ಮೇಲೆ ಕಲ್ಲು ಹೇರಿ ಮರೆತುಬಿಡುವುದು. ಊದಿನೆಯಲ್ಲಿ ಅದರ ಅರ್ಥ ಒಪ್ಪಿಗೆ ಇರಬೇಕು. ಜೂನಿನಲ್ಲಿ ದನ ಮೇಲೆ ಹತ್ತಿದವು, ಮರುದಿನವೇ ಗಾರೆಯವರು ಬಂದರು.

ಬೇಸಿಗೆಯಿಡೀ ಕುಟ್ಟಿದರು. ಕೊಟ್ಟಿಗೆಯ ಕಲ್ಲುಹಾಸು ಹೋಗಿ ಬಿಳಿ ಟೈಲ್ಸ್ ಬಂತು. ಎಷ್ಟು ನುಣುಪೆಂದರೆ, ಅದರ ಮೇಲೆ ನಿಂತ ನೊಣ ಜಾರಿ ಸೊಂಟ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಸುವಿಗೆ ಹುಲ್ಲು ಹಾಕುವ ಗೋದಲಿ ಮಾತ್ರ ಉಳಿಯಿತು. ಅದರಲ್ಲಿ ಓರ್ನೆಲ್ಲಾ ಹೂವು ನೆಟ್ಟಳು. ಕೊಟ್ಟಿಗೆಯ ಹಳೆಯ ಎರಡು ರೆಕ್ಕೆಯ ಹೆಬ್ಬಾಗಿಲನ್ನೂ ಉಳಿಸಿದಳು, ಹಳೆಯದು ಚಂದ ಎಂದು. ಅಲ್ಲಿಂದಲೇ ಬಂದದ್ದು ಎಲ್ಲ ತೊಡಕು.

ಸೆಪ್ಟೆಂಬರಿನಲ್ಲಿ ಮೊದಲ ಅತಿಥಿಗಳು ಬಂದರು. ಜೆನೋವಾದ ನಿವೃತ್ತ ಹಲ್ಲಿನ ಡಾಕ್ಟರು ಆಗೊಸ್ತೀನೊ, ಅವರ ಹೆಂಡತಿ ಲಿವಿಯಾ. ಸಮುದ್ರದ ಜನ, ಮೃದು ಜನ, ಮೆಟ್ಟಿಲಿಗೂ "ಕ್ಷಮಿಸಿ" ಅಂದು ಹತ್ತುವವರು. ಮೊದಲ ದಿನ ಸಂಜೆ ಒನೊರಿನಾ ನನ್ನ ಬೇಲಿಯ ಹತ್ತಿರ ಬಂದು ನಿಂತಳು. ಮುಖ ಮೋಡ ಕವಿದ ಹಾಗಿತ್ತು.

"ತೀತಾ, ಆ ಹೆಂಗಸು ನನಗೆ ಥ್ಯಾಂಕ್ಸ್ ಹೇಳಿದ್ಲು ಕಣೋ."

"ಯಾತಕ್ಕೆ?"

"ಇಲ್ಲಿ ಸದ್ದಿಲ್ಲ ಅಂತ. ಸದ್ದಿಲ್ಲದ್ದನ್ನ ನಾನು ಮಾಡಿದ್ನಾ?"

"ಮಾಡಿದ್ದೀಯ ಅಂತಲೇ ಹೇಳು. ನಾಳೆ ಅದನ್ನೂ ತಟ್ಟೇಲಿ ಹಾಕ್ಕೊಡು."

"ಸುಮ್ನಿರೋ. ಹಾಸಿಗೆ ನಾನು ಸರಿಮಾಡೋಕೆ ಹೋದ್ರೆ ಅವರೇ ಸರಿಮಾಡಿಟ್ಟಿದಾರೆ. ಪೊಲೆಂತಾ ಬಡಿಸಿದ್ರೆ ಫೋಟೋ ತೆಗೀತಾರೆ. ಜೋಳದ ಹಿಟ್ಟಿನ ಮುದ್ದೇನ ಯಾರಾದ್ರೂ ಫೋಟೋ ತೆಗೀತಾರೇನೋ? ನಾನು ಏನು ಮಾಡ್ಬೇಕು ಅಂತಲೇ ಗೊತ್ತಾಗ್ತಿಲ್ಲ. ಕೈ ಎರಡೂ ಖಾಲಿ ಖಾಲಿ." ಹಾಗೆಂದು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ತಂದಿಟ್ಟಿದ್ದಾರೆ ಎನ್ನುವ ಹಾಗೆ.

"ಶನಿವಾರ ದನ ಇಳೀತಾವೆ" ಅಂದೆ.

"ಗೊತ್ತು."

"ಕೊಂತೆಸ್ಸಾ?"

"ಎರ್ಮೆಸ್ ಕರ್ಕೊಂಡು ಹೋಗ್ತಾನೆ." ಇಷ್ಟು ಹೇಳಿ ಬೆನ್ನು ತಿರುಗಿಸಿ ಹೋದಳು.

ಶನಿವಾರ. ದನ ಇಳಿಯುವ ದಿನ ನಮ್ಮೂರು ಹೇಗಿರುತ್ತದೆ ಎಂದು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಮೇಲಿನ ತಿರುವಿನಲ್ಲಿ ಗಂಟೆಗಳ ಸದ್ದು ಕೇಳಿಸಿದೊಡನೆ ಊರಿನ ಹೆಂಗಸರೆಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಸರಿ, ಕೆಳಗಿಳಿದು ಕೊಟ್ಟಿಗೆಯ ಬಾಗಿಲು ತೆರೆದಿಡುತ್ತಾರೆ. ಹಿಂಡು ಬೀದಿಯಲ್ಲಿ ಬರುತ್ತಿದ್ದ ಹಾಗೆ ಒಂದೊಂದು ಹಸು ತನ್ನ ಮನೆ ಬಂದಾಗ ತಾನೇ ಪಕ್ಕಕ್ಕೆ ತಿರುಗಿ ಒಳಗೆ ಹೋಗುತ್ತದೆ. ಯಾರೂ ಕರೆಯುವುದಿಲ್ಲ, ಯಾರೂ ಹೊಡೆಯುವುದಿಲ್ಲ. ನಡುವೆ ತಡೆಯುವುದಕ್ಕೆ ಹೋದವನು ಗೋಡೆಗೆ ಅಂಟಿದ ಪೋಸ್ಟರ್ ಆಗುತ್ತಾನೆ.

ಗಂಟೆ ಕೇಳಿಸಿತು. ಒನೊರಿನಾ ಆಗ ಅಂಗಳದಲ್ಲಿ ಪೊರಕೆ ಹಿಡಿದಿದ್ದಳು. ನಾನು ಬೇಲಿಯಿಂದ ನೋಡುತ್ತಿದ್ದೆ. ಪೊರಕೆಯನ್ನು ಗೋಡೆಗೆ ಒರಗಿಸಿದಳು, ಸೆರಗಿನ ಹಾಗೆ ಏಪ್ರನ್ ಸಿಕ್ಕಿಸಿಕೊಂಡಳು, ನೇರ ಹೋಗಿ ಹೆಬ್ಬಾಗಿಲಿನ ಎರಡೂ ರೆಕ್ಕೆಗಳನ್ನು ಹಾರು ಹೊಡೆದು ತೆರೆದಳು. ಒಳಗೆ ಡಾಕ್ಟರು, ಲಿವಿಯಾ ತಡವಾದ ತಿಂಡಿ ತಿನ್ನುತ್ತಿದ್ದರು. ಗಾಳಿ ಬರಲೆಂದು ತೆರೆದಳೆಂದು ಅವರು ತಿಳಿದರು. ಅವಳು ಏನೆಂದು ತಿಳಿದಳೋ, ಕೇಳಿದರೆ ಈಗಲೂ "ನಾನೆಲ್ಲಿ ತೆಗೆದೆ?" ಅನ್ನುತ್ತಾಳೆ.

ಹಿಂಡಿನ ಮುಂದೆಯೇ ಕೊಂತೆಸ್ಸಾ. ತಲೆಯ ಮೇಲೆ ಫರ್ ಮರದ ಎಲೆ, ಕಾಗದದ ಹೂವಿನ ಕಿರೀಟ, ಕೊರಳಲ್ಲಿ ಚರ್ಚಿನಿಂದ ಕದ್ದು ತಂದಷ್ಟು ದೊಡ್ಡ ಗಂಟೆ. ಎರ್ಮೆಸ್ ಹಿಂದೆ ಬರುತ್ತಿದ್ದ. ಬಾಗಿಲು ತೆರೆದಿದ್ದು ನೋಡಿ, ಒನೊರಿನಕ್ಕ ಮನಸ್ಸು ಬದಲಾಯಿಸಿದ್ದಾಳೆ ಎಂದುಕೊಂಡ. ಹಸು ತಿರುಗಿತು. ಊಟದ ಕೋಣೆಯೊಳಗೆ ಹೋಯಿತು. ಅದರ ಹಿಂದೆಯೇ ಒನೊರಿನಾ, ಎರ್ಮೆಸ್, ಬೇಲಿ ದಾಟಿ ನಾನು.

ಬಂದ ರಭಸಕ್ಕೆ ಮೇಜು ಪಕ್ಕಕ್ಕೆ ಸರಿಯಿತು, ಜಾಮಿನ ಬಟ್ಟಲು ಡಾಕ್ಟರ ಮಡಿಲಿಗೆ ಬಂತು. ಕೊಂತೆಸ್ಸಾ ತನ್ನ ಹಳೆಯ ಜಾಗಕ್ಕೆ, ಗೋದಲಿಯ ಮುಂದಕ್ಕೆ ಹೋಗಿ, ಹೂವುಗಳನ್ನು ಮೂಸಿ, ತಿನ್ನತೊಡಗಿತು.

ಲಿವಿಯಾ ಕಪ್ಪು ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು: "ಒನೊರಿನಮ್ಮ, ಇದು... ತಿಂಡಿಯ ಜೊತೆಗೇ ಬರುತ್ತಾ?"

ಡಾಕ್ಟರು ಹಸುವಿನ ಬಾಯಿಗೆ ಬಗ್ಗಿ ನೋಡಿ ಗಾಬರಿಯಾದರು. "ಅಯ್ಯೋ, ಮೇಲಿನ ಸಾಲಲ್ಲಿ ಮುಂದಿನ ಹಲ್ಲು ಒಂದೂ ಇಲ್ವಲ್ಲ ಇದಕ್ಕೆ! ಯಾವಾಗಿಂದ ಹೀಗೆ?"

"ಹುಟ್ಟಿದಾಗಿಂದ, ಡಾಕ್ಟ್ರೇ" ಅಂದೆ ನಾನು. "ಇಡೀ ಊರಿನ ಹಸುಗಳ್ದೂ ಹಾಗೇ. ನೀವು ಇಲ್ಲೇ ಇದ್ರೆ ಸಾಯೋವರೆಗೂ ಕೆಲಸ ಇದೆ."

ಆಗ ಹಸು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಹಿಂಗಾಲು ಟೈಲ್ಸಿನ ಮೇಲೆ ಕರ್ರನೆ ಜಾರಿತು. ಇನ್ನೊಂದು ಕಾಲೂ ಹೊರಕ್ಕೆ ಹೋಯಿತು. ಹೇಗೋ ಸಾವರಿಸಿಕೊಂಡಿತು, ಆಮೇಲೆ ಅಲ್ಲಾಡಲಿಲ್ಲ. ನಾಲ್ಕು ಕಾಲೂ ನಡುಗುತ್ತಿದ್ದವು, ಕೊರಳಿನ ಗಂಟೆ ತಾನೇ ಸಣ್ಣಗೆ ಬಡಿದುಕೊಳ್ಳುತ್ತಿತ್ತು. ಹೂವು ಅರ್ಧ ಬಾಯಲ್ಲೇ ಉಳಿಯಿತು. ನಮ್ಮ ನಗುವೂ.

ಅತಿಥಿಗಳಿಗೆಂದು ಊದಿನೆಯಿಂದ ಬಂದಿದ್ದ ಓರ್ನೆಲ್ಲಾ ಮಹಡಿಯಿಂದ ಓಡಿ ಬಂದಳು. "ಅತ್ತೆ! ಇದೇನಿದು? ಎರ್ಮೆಸ್ ಮಾಮ, ಎಳೀರಿ ಹೊರಗೆ!"

"ಎಳೆಯೋದಾ?" ಎರ್ಮೆಸ್ ಟೋಪಿ ತೆಗೆದ. "ಎಳೆದ್ರೆ ಹಿಂಗಾಲು ಎರಡೂ ಅಗಲ ಹೋಗ್ತಾವೆ ತಾಯಿ. ತೊಡೆ ಸಂದು ಹರಿದ್ರೆ ಹಸು ಮತ್ತೆ ಏಳಲ್ಲ. ಆಮೇಲೆ ನಾನಲ್ಲ, ಕಟುಕ ಬರ್ಬೇಕು."

ಎಲ್ಲರೂ ಒನೊರಿನಾಳನ್ನು ನೋಡಿದೆವು. ಅವಳು ಹಸುವನ್ನು, ಟೈಲ್ಸನ್ನು, ಅತಿಥಿಗಳನ್ನು, ಮತ್ತೆ ಹಸುವನ್ನು ನೋಡುತ್ತಿದ್ದಳು. ತನ್ನ ಮನೆಯಲ್ಲೇ ದಾರಿ ತಪ್ಪಿದವಳ ಮುಖ ಅದು. "ಯಾಕೆ ಬಂದ್ಲು ಇಲ್ಲಿಗೆ?" ಎಂದು ಕೇಳಿದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ.

"ನೀವೇ ಬಾಗಿಲು ತೆಗೆದ್ರಿ ಅಕ್ಕ" ಅಂದ ಎರ್ಮೆಸ್.

"ನಾನಾ?"

ಓರ್ನೆಲ್ಲಾ ಹೊಸ ಉಣ್ಣೆ ಕಂಬಳಿಗಳನ್ನು ತಂದು ನೆಲಕ್ಕೆ ಹಾಸಿದಳು, ಪಾಪ, ಅವಳಿಗೂ ಕಣ್ಣಲ್ಲಿ ನೀರು. ಎರ್ಮೆಸ್ ಕಾಲಿಟ್ಟು ನೋಡಿದ. ಕಂಬಳಿ ಅವನನ್ನು ಹೊತ್ತುಕೊಂಡು ಕಿಟಕಿಯವರೆಗೆ ಹೋಗಿ ನಿಂತಿತು. ಹಸುವಿನ ಹಿಂಗಾಲು ಇನ್ನೂ ಒಂದು ಬೆರಳಿನಷ್ಟು ಜಾರಿತು.

ಅಷ್ಟರಲ್ಲಿ ಒನೊರಿನಾ ಹೊರಗೆ ಹೋದಳು. ಗಾರೆಯವರು ಬಿಟ್ಟುಹೋಗಿದ್ದ ಮರಳಿನ ರಾಶಿ ಅಂಗಳದ ಮೂಲೆಯಲ್ಲಿತ್ತು. ಅದರೊಳಗೆ ಸಲಿಕೆ ಇಳಿಸಿದ ಸದ್ದು ಕೇಳಿದ್ದೇ, ನಮಗೆಲ್ಲ ಬುದ್ಧಿ ಬಂತು. ಎಲ್ಲರೂ ಕೈಗೆ ಸಿಕ್ಕಿದ್ದರಲ್ಲಿ ಮರಳು ಹೊತ್ತೆವು. ನಾನು ಟೋಪಿಯಲ್ಲಿ, ಲಿವಿಯಾ ರೊಟ್ಟಿಯ ಬುಟ್ಟಿಯಲ್ಲಿ, ಡಾಕ್ಟರು ಓರ್ನೆಲ್ಲಾಳ ಹೊಸ ಸೂಪಿನ ಪಾತ್ರೆಯಲ್ಲಿ. ಡಾಕ್ಟರು ಪ್ರತಿ ಸಲವೂ ಹಸುವಿನ ಪಕ್ಕ ಬಗ್ಗಿ, "ಸ್ವಲ್ಪ ಹೀಗೆ... ಅಷ್ಟೇ, ಆಯ್ತು, ನೋವಾಗಲ್ಲ" ಅನ್ನುತ್ತಿದ್ದರು, ನಲವತ್ತು ವರ್ಷದ ಅಭ್ಯಾಸ. ನಾವು ಅವತ್ತು ಹೊತ್ತ ಮರಳಿನಿಂದ ಜೆನೋವಾಕ್ಕೆ ಇನ್ನೊಂದು ಸಮುದ್ರತೀರ ಮಾಡಬಹುದಿತ್ತು.

ಒನೊರಿನಾ ಮೊಣಕಾಲೂರಿ, ಒಂದೊಂದು ಗೊರಸಿನ ಸುತ್ತ ಕೈಯಿಂದಲೇ ಮರಳು ಒತ್ತಿದಳು. ಹಸು ಅವಳ ಬೆನ್ನ ಮೇಲೆ ಬುಸ್ಸೆಂದು ಉಸಿರು ಬಿಟ್ಟಿತು. ಕಾಲಿನ ನಡುಕ ಮೊದಲು ಮುಂದೆ ನಿಂತಿತು, ಆಮೇಲೆ ಹಿಂದೆ. ಗಂಟೆಯೂ ಸುಮ್ಮನಾಯಿತು.

"ಈಗ ಬಾಗಿಲವರೆಗೆ ಒಂದು ದಾರಿ ಹಾಕಿಬಿಡೋಣ" ಅಂದ ಎರ್ಮೆಸ್. "ಮೆಲ್ಲಗೆ ನಡೆಸ್ಕೊಂಡು ಹೋಗ್ತೀನಿ. ನಮ್ಮ ಕೊಟ್ಟಿಗೇಲಿ ಹುಲ್ಲು ಹಾಕಿಟ್ಟಿದೀನಿ."

ದಾರಿ ಹಾಕಿದೆವು. ಬಾಗಿಲಿಗೆ ಇನ್ನೂ ಒಂದು ಮಾರು ಉಳಿದಿತ್ತು. ಎರ್ಮೆಸ್ ಕೊರಳ ಹಗ್ಗ ಹಿಡಿದ. ಕೊಂತೆಸ್ಸಾ ತಲೆ ಎತ್ತಿತು, ಒಂದು ಹೆಜ್ಜೆ ಹಿಂದಕ್ಕಿಟ್ಟಿತು. ಕಾಲು ಜಾರದೆ ನಿಂತಿತು. ಓರ್ನೆಲ್ಲಾ ಎದೆ ಮುಟ್ಟಿಕೊಂಡು ಉಸಿರು ಬಿಟ್ಟಳು.

ಒನೊರಿನಾಳ ಸಲಿಕೆಯಲ್ಲಿ ಕೊನೆಯ ಮರಳಿತ್ತು. ಬಾಗಿಲ ಹತ್ತಿರ ಹೋದಳು. ನಿಂತಳು. ಏನೋ ಮರೆತವಳ ಹಾಗೆ ಆಚೆ ನೋಡಿದಳು, ಈಚೆ ನೋಡಿದಳು. ಆಮೇಲೆ ತಿರುಗಿ ಬಂದು ಆ ಮರಳನ್ನು ಗೋದಲಿಯ ಬುಡಕ್ಕೆ ಸುರಿದಳು.

"ಅಲ್ಲಲ್ಲ ಅಕ್ಕ, ಬಾಗಿಲ ಹತ್ರ" ಅಂದ ಎರ್ಮೆಸ್.

"ಇಲ್ಲೇ ಹಾಕಿ" ಅಂದಳು. ಹಾಕಿದ ದಾರಿಯನ್ನೂ ಸಲಿಕೆಯಿಂದ ಗೋರಿ ಗೋರಿ ಹಸುವಿನ ಕಡೆಗೇ ತಳ್ಳತೊಡಗಿದಳು. "ದಪ್ಪಗೆ ಹಾಕಿ. ಮಲಗ್ತಾಳೆ."

"ಅತ್ತೆ!" ಓರ್ನೆಲ್ಲಾಳ ಧ್ವನಿ ಒಡೆಯಿತು. "ಇಲ್ಲಿ ಜನ ಊಟ ಮಾಡ್ಬೇಕು!"

"ಜನ ಅಡಿಗೆಮನೇಲಿ ಊಟ ಮಾಡ್ಲಿ. ನಾನೂ ಅಲ್ಲೇ ಮಾಡೋದು. ಅಲ್ಲಿ ಬೆಂಕಿ ಇದೆ."

"ಅಲ್ಲಿ ಬೆಟ್ಟ ಕಾಣಲ್ಲ!"

"ಅದಕ್ಕೇ ಬೆಚ್ಚಗಿರೋದು."

"ಮತ್ತೆ ಬಂದವರು ಹೊರಟುಹೋದ್ರೆ?"

ಒನೊರಿನಾ ಸಲಿಕೆಗೆ ಗದ್ದ ಊರಿದಳು. "ಹೋದ್ರೆ ಹೋಗ್ತಾರೆ ಮಗಾ. ಅವರು ಯಾಕೆ ಬಂದ್ರು ಅಂತಲೇ ನನಗೆ ಗೊತ್ತಾಗಿಲ್ಲ. ಇವಳು ಯಾಕೆ ಬಂದ್ಲು ಅಂತ ಗೊತ್ತು."

ಡಾಕ್ಟರು ಜಾಮು ಮೆತ್ತಿದ ಪ್ಯಾಂಟಿನಲ್ಲಿ, ಸೂಪಿನ ಪಾತ್ರೆ ಅಪ್ಪಿಕೊಂಡು ನಿಂತಿದ್ದರು. ಹೆಂಡತಿಯ ಕಿವಿಯಲ್ಲಿ, "ನಾವೀಗ ಹೋಗಬೇಕೋ, ಇರಬೇಕೋ?" ಅಂದರು. "ಪಾತ್ರೆ ಮೊದಲು ಕೆಳಗಿಡಿ" ಅಂದಳು ಲಿವಿಯಾ.

ಕಿಟಕಿಯ ಕೆಳಗೆ ಹಾಲು ಕರೆಯುವಾಗ ಕೂರುವ ಮೂರು ಕಾಲಿನ ಹಳೆಯ ಮಣೆಯೊಂದಿತ್ತು; ಅದರ ಮೇಲೆ ಓರ್ನೆಲ್ಲಾ ಕುಂಡ ಇಟ್ಟಿದ್ದಳು. ಒನೊರಿನಾ ಕುಂಡವನ್ನು ಅವಳ ಕೈಗೇ ಕೊಟ್ಟು, ಮಣೆಯನ್ನು ಹಸುವಿನ ಪಕ್ಕಕ್ಕೆ ಎಳೆದು ಕೂತಳು. ಕೆಚ್ಚಲು ಮುಟ್ಟಿ ನೋಡಿದಳು. "ಬೆಳಿಗ್ಗೆ ಪೂರ್ತಿ ಕರೆದಿಲ್ಲ ನೀನು" ಎಂದು ಎರ್ಮೆಸ್‌ಗೆ ಬೈದಳು. ಬಕೆಟ್ಟಿಗೆಂದು ಕೈ ಚಾಚಿದಳು, ಅಂಗಳದಿಂದ ನಾನು ತಂದುಕೊಟ್ಟೆ.

"ಈಗ ಎಲ್ರೂ ಆಚೆ ಹೋಗಿ. ಇಷ್ಟು ಜನ ನಿಂತು ನೋಡಿದ್ರೆ ಹಾಲು ಇಳಿಸಲ್ಲ ಇವಳು."

ಹೋದೆವು. ಬಾಗಿಲು ಒಳಗಿನಿಂದ ಮುಚ್ಚಿತು. ಎರ್ಮೆಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಓರ್ನೆಲ್ಲಾ ಕುಂಡ ಹಿಡಿದು, ಅತಿಥಿಗಳು ಚಪ್ಪಲಿಯ ಮರಳು ಕೊಡವುತ್ತ, ಎಲ್ಲರೂ ಅಂಗಳದಲ್ಲಿ ನಿಂತೆವು. ತಿಂಡಿ ಮುಗಿಯಿತೋ, ಈಗ ಶುರುವಾಗುತ್ತದೋ, ಯಾರಿಗೂ ತಿಳಿಯಲಿಲ್ಲ.