ತೂಗಾಡುವ ವಿಲಾಯತಿ ಸಾಮಾನು

ನಾನು ಸಿಟ್ಟಿನ ಮನುಷ್ಯ. ಮೊದಲೇ ಒಪ್ಪಿಕೊಳ್ಳುವುದು ವಾಸಿ. ನಾನು ಮುಚ್ಚಿಟ್ಟರೂ ಶಿವಮೊಗ್ಗದಿಂದ ಭದ್ರಾವತಿಯವರೆಗಿನ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳಿಬಿಡುತ್ತಾರೆ. ಕಾರಿಗೆ ಒದ್ದು, ಕಾಲು ನೋಯಿಸಿಕೊಂಡು, ಕೋಟು ಕಳಚಿ ನಾನು ಕೂತಿರದ ಮರದ ನೆರಳು ಆ ದಾರಿಯಲ್ಲಿಲ್ಲ.

ಆ ಕಾರು ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಬಿಳಿಯ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿಹೋದದ್ದು. ಉದ್ದ ಮೂತಿಯ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು. ನನ್ನ ಕೈಗೆ ಬರುವ ಹೊತ್ತಿಗೆ ಅದಕ್ಕೆ ಮುಪ್ಪು ಬಂದಿತ್ತು. ವಕೀಲನಾದವನು ಕಾರಿನಿಂದ ಗಂಭೀರವಾಗಿ ಇಳಿಯಬೇಕು. ಇದರಿಂದ ಇಳಿಯುವುದೆಂದರೆ ಕೆಸರು ಹೊಂಡದಿಂದ ಎಮ್ಮೆ ಎದ್ದ ಹಾಗೆ, ಮೊದಲು ಹಿಂಭಾಗ, ಆಮೇಲೆ ಉಳಿದದ್ದು. ನಮ್ಮ ಬಾರ್ ರೂಮಿನಲ್ಲಿ ಎಲ್ಲರೂ ಇದನ್ನು ಷೋಕಿ ಎಂದರು. ಅರ್ಧ ನಿಜ. ಇನ್ನರ್ಧ ನಾಗಮ್ಮತ್ತೆ.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಪ್ಪನ ಅಕ್ಕ ನಾಗಮ್ಮತ್ತೆ. ಆರು ವರ್ಷದವನಾಗಿದ್ದಾಗ ನನಗೆ ಕೆಟ್ಟ ಜ್ವರ ಬಂತು. ಹೊಳೆಹೊನ್ನೂರಿನಿಂದ ಶಿವಮೊಗ್ಗದ ಆಸ್ಪತ್ರೆಗೆ ಹೊರಟ ಗಾಡಿಯ ಅಚ್ಚು ದಾರಿಯಲ್ಲಿ ಮುರಿಯಿತು. ಅತ್ತೆ ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಉಳಿದ ದಾರಿಯನ್ನೆಲ್ಲ ನಡೆದಳು. ಅವಳನ್ನು ಒಂದು ಸಲ, ಒಂದೇ ಸಲ, ನನ್ನದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕೆಂಬುದು ನನ್ನ ಆಸೆ. ಅವಳಿಗೋ ಕಾರೆಂದರೆ ಎದೆ ಡವಡವ. "ಇದು ಭದ್ರಾವತಿಯಿಂದ ನಡುದಾರೀಲಿ ನಿಲ್ದೆ ಬರ್ಲಿ ಮಾರಾಯ, ಆವತ್ತು ಕೂರ್ತೀನಿ" ಎಂದಳು.

ಅಲ್ಲಿಗೆ ಮುಗಿಯಿತು. ಏಕೆಂದರೆ ಆ ಕಾರಿನಲ್ಲಿ ವಿದ್ಯುತ್ತು ತನ್ನ ಮನಸ್ಸಿಗೆ ಬಂದಂತೆ ಓಡಾಡುತ್ತಿತ್ತು. ಹಗಲು ದೀಪ ಉರಿಯುತ್ತಿತ್ತು, ಮುಚ್ಚಂಜೆಗೆ ಆರುತ್ತಿತ್ತು. ಒಮ್ಮೆ ಜಡ್ಜ್ ಸಾಹೇಬರ ಮನೆಯ ಮುಂದೆ ಹಾರನ್ನು ತಾನಾಗಿಯೇ ಕೂಗತೊಡಗಿ, ಅವರು ಶಲ್ಯ ಹೊದ್ದು ಹೊರಗೆ ಬರುವವರೆಗೂ ಬಾಯಿ ಮುಚ್ಚಲಿಲ್ಲ. ಇವೆಲ್ಲ ಹೇಗೋ ರಿಪೇರಿಯಾದವು. ಆದರೆ ತಿರುವಿನಲ್ಲೋ ಹಳ್ಳದಲ್ಲೋ ಕಾರು ವಾಲಿದರೆ ಇಂಜಿನ್ನು ಫಟ್ಟೆಂದು ಸಾಯುವ ಕಾಯಿಲೆ ಮಾತ್ರ ಹೋಗಲಿಲ್ಲ. ಇಳಿದು, ಬೈದು, ತಳ್ಳಿಸಿ ಸಮ ಮಾಡಿದರೆ ಏನೂ ಆಗದವರ ಹಾಗೆ ಮತ್ತೆ ಹೊರಡುತ್ತಿತ್ತು. ತರ್ಕಶಾಸ್ತ್ರದ ಪಂಡಿತರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುತ್ತಾರಂತೆ. ಬಾನೆಟ್ಟು ಎತ್ತಿದೊಡನೆ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ ಎಂದಾದರೆ ಆ ಪಂಡಿತರು ಏನು ಮಾಡುತ್ತಿದ್ದರೋ ಕಾಣೆ. ನಾನು ದುಡ್ಡು ಖರ್ಚು ಮಾಡಿದೆ.

ನಮ್ಮ ಶಿವಮೊಗ್ಗದ ಮೆಕ್ಯಾನಿಕ್ಕು ಖಾಸಿಂ ಸಾಬರು ಬಲು ಶ್ರದ್ಧೆಯವರು. ಬ್ಯಾಟರಿ ಹೊಸತಾಯಿತು, ಕಿಡಿ ಹೊತ್ತಿಸುವ ಕಾಯಿಲು ಹೊಸತಾಯಿತು, ವೈರುಗಳೆಲ್ಲ ಹೊಸತಾದವು. ಊರೂರಿನ ಅಣ್ಣತಮ್ಮಂದಿರು ಆಸ್ತಿಯ ಪಾಲಿಗಾಗಿ ಕಿತ್ತಾಡಿ ನನಗೆ ಕೊಟ್ಟ ಫೀಜೆಲ್ಲ ಆ ವೈರುಗಳಲ್ಲೇ ಹರಿದುಹೋಯಿತು. ಕಾಯಿಲಿನ ಪಕ್ಕದಲ್ಲಿ, ವೈರಿಗೆ ಕಟ್ಟಿದ ಕರಿದಾರದಿಂದ ಬೆರಳುದ್ದದ ಒಂದು ಲೋಹದ ಕೊಳವೆ ಜಿಡ್ಡುಗಟ್ಟಿ ತೂಗಾಡುತ್ತಿತ್ತು. ಪ್ರತಿ ಸಲವೂ ಸಾಬರು ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ವೈರಿಗೆ ಮೊದಲಿನ ಜಾಗದಲ್ಲೇ ಜೋಪಾನವಾಗಿ ಕಟ್ಟುತ್ತಿದ್ದರು. "ವಕೀಲ್ ಸಾಬ್, ಇದು ವಿಲಾಯತಿ ಸಾಮಾನು. ಇದ್ದಂಗೇ ಇರ್ಬೇಕು." ಗೊತ್ತಿಲ್ಲವೆಂದು ಹೇಳಿ ಅಭ್ಯಾಸವಿಲ್ಲದ ನಾನು, ಕಾರು ನೋಡಲು ಬಂದವರಿಗೆಲ್ಲ ಅದನ್ನು ತೋರಿಸಿ, "ಸ್ಪೋರ್ಟ್ಸ್ ಕಾರಿಗೆ ಮಾತ್ರ ಇರುತ್ತದೆ. ಕರೆಂಟಿನ ತೂಕ ಸರಿದೂಗಿಸಲಿಕ್ಕೆ" ಎಂದು ವಿವರಿಸುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು. ಒರೆಸಿದ ವಾರ ಕಾರು ಇನ್ನೂ ಹೆಚ್ಚು ನಿಲ್ಲುತ್ತಿತ್ತು.

ಕಡೆಗೆ ಸಾಕಾಯಿತು. ನ್ಯೂ ಟೌನಿನ ಕಂಟ್ರಾಕ್ಟರೊಬ್ಬರು ಕೊಳ್ಳಲು ಒಪ್ಪಿದರು. ಒಂದು ಭಾನುವಾರ ಕಾರು ಒಪ್ಪಿಸಲು ಹೊರಟೆ. ಅತ್ತೆ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡೋ, ನಂಗೆ ಕಾಲಿಲ್ವಾ?" ಎಂದಳು. ಆ ಕಾಲುಗಳನ್ನು ನೋಡದೆ ನಾನು ಕಾರು ಹತ್ತಿದೆ.

ಕಾರು ಭದ್ರಾವತಿಯ ಓಲ್ಡ್ ಟೌನಿನ ಸಂತೆಯ ಹತ್ತಿರ ನಿಂತಿತು. ಮೊಸರು ಮಾರುವ ಹೆಂಗಸು ಕುಕ್ಕೆ ಇಳಿಸಿದಳು, ಗಾಡಿಯವನೊಬ್ಬ ಎತ್ತು ಬಿಟ್ಟು ಬಂದ. ಎಲ್ಲರೂ ಸೇರಿ ಮುನಿಸ್ವಾಮಿಯ ಮನೆಗೆ ತಳ್ಳಿದರು. ಮುನಿಸ್ವಾಮಿ ಕಾರ್ಖಾನೆಯಲ್ಲಿ ವೈರಿಂಗ್ ಕೆಲಸದವನು. ಅವನು ಬಾನೆಟ್ಟು ಎತ್ತಿ, ಇಂಜಿನ್ನು ಚಾಲೂ ಮಾಡಿಸಿ, ಏನನ್ನೂ ಮುಟ್ಟದೆ ಸೊಂಟದಿಂದ ಕಾರನ್ನು ಒಮ್ಮೆ ಅಲುಗಾಡಿಸಿದ. ಕೊಳವೆ ತೂಗಿ ಕಾಯಿಲಿನ ತುದಿಗೂ ಪಕ್ಕದ ಕಬ್ಬಿಣಕ್ಕೂ ಒಟ್ಟಿಗೇ ತಾಗಿತು. ಚಟ್ಟೆಂದು ಕಿಡಿ ಹಾರಿ ಇಂಜಿನ್ನು ಸತ್ತಿತು. ಅವನು ನಗತೊಡಗಿದ.

"ಸಾಮಿ, ಇದು ಕಾರ್ದು ಅಲ್ಲ ಸಾಮಿ. ತಾಯಿತ!"

ಆಗ ನೆನಪಾಯಿತು. ಕಾರು ತಂದ ವರ್ಷದ ಆಯುಧಪೂಜೆಯ ದಿನ ಅತ್ತೆ ಕುಂಕುಮದ ಬಟ್ಟಲು ಹಿಡಿದು, "ಇದ್ರ ಜೀವ ಎಲ್ಲಿರುತ್ತೋ?" ಎಂದು ಕೇಳಿದ್ದಳು. ನಾನು ಬೆತ್ತದ ತುದಿಯಿಂದ ಕಾಯಿಲು ತೋರಿಸಿ, ಇದಿಲ್ಲದಿದ್ದರೆ ಕಾರು ಹೆಣ ಎಂದು ಭಾಷಣ ಮಾಡಿ ಒಳಗೆ ಹೋಗಿದ್ದೆ. ಅವಳು ಮಠದ ಅಯ್ಯನವರು ಮಂತ್ರಿಸಿಕೊಟ್ಟ ತಾಮ್ರದ ತಾಯಿತವನ್ನು ಸರಿಯಾಗಿ ಅಲ್ಲೇ ಕಟ್ಟಿದ್ದಳು.

"ಇದು ನಮ್ಮತ್ತೆಯ ಕೆಲಸ!" ಎಂದು ನಾನು ಕಿತ್ತು ಬಿಸಾಡಲು ಕೈ ಚಾಚಿದೆ. ಮುನಿಸ್ವಾಮಿ ತಡೆದ. "ದೊಡ್ಡಮ್ಮ ಕಟ್ಟಿದ್ದು ಸಾಮಿ, ಕೀಳ್ಬಾರ್ದು." ಜಿಡ್ಡಿನ ಗಂಟನ್ನು ಉಗುರಿನಿಂದ ಅರ್ಧ ಗಂಟೆ ಕೂತು ಬಿಡಿಸಿದ. ತಾಯಿತಕ್ಕೆ ರಬ್ಬರು ಸುತ್ತಿ ಸ್ಟೇರಿಂಗಿನ ಕೆಳಗೆ ಕಟ್ಟಿದ. ಕೂಲಿ ಕೊಡಹೋದರೆ ಕೈಮುಗಿದ: "ತಾಯಿತ ಬಿಚ್ಚಿದ್ದಕ್ಕೆ ಕಾಸಾ? ನಮ್ಮಮ್ಮ ಬೈತಾಳೆ ಸಾಮಿ."

ನಾನು ನ್ಯೂ ಟೌನಿಗೆ ಹೋಗಲಿಲ್ಲ, ಮನೆಯ ಕಡೆ ತಿರುಗಿಸಿದೆ. ದಾರಿಯುದ್ದಕ್ಕೂ ಅತ್ತೆಯ ಮೇಲೆ ಹಾಕಬೇಕಾದ ಆರೋಪಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಕಾರು ಒಂದು ತಿರುವಿನಲ್ಲೂ ನಿಲ್ಲಲಿಲ್ಲ. ಅಲ್ಲಿ ತಳ್ಳಿದವರು, ಇಲ್ಲಿ ನೀರು ಕೊಟ್ಟವರು ಎಂದು ಜಾಗಗಳು ಹಿಂದೆ ಸರಿದವು. ನಾನು ಬೈದುಕೊಂಡಿದ್ದರೂ ಅವರಲ್ಲಿ ಒಬ್ಬರೂ ಬೇಸರ ಪಟ್ಟವರಲ್ಲ. ಅವರನ್ನು ನಾನು ಒಮ್ಮೆಯೂ ನೆನೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅತ್ತೆ ಜಗಲಿಯಲ್ಲೇ ಕೂತಿದ್ದಳು. "ಮಾರ್ಲಿಲ್ವೇನೋ?"

"ಇಲ್ಲ. ದಾರೀಲಿ ಎಲ್ಲೂ ನಿಲ್ಲಲೂ ಇಲ್ಲ."

ಅವಳು ಕಾರಿನೊಳಗೆ ಬಗ್ಗಿ ನೋಡಿದಳು. "ಶಿವನೇ, ಇದನ್ಯಾಕೋ ಇಲ್ಲಿಗೆ ತಂದೆ? ಜೀವ ಅಲ್ಲಿರುತ್ತೆ ಅಂದಿದ್ಯಲ್ಲ?"

ಆರೋಪಪಟ್ಟಿ ನಾಲಿಗೆಯ ತುದಿಯಲ್ಲಿತ್ತು. "ಓಡಿಸೋನು ಇಲ್ಲಿ ಕೂರ್ತಾನಲ್ಲ ಅತ್ತೆ, ಅದಕ್ಕೆ" ಎಂದೆ.

"ಅದೂ ಸರೀನೇ. ನಾ ಕಟ್ಟಿದ್ದು ನಿಂಗೆ ಕಣೋ. ಈ ಡಬ್ಬಕ್ಕೆ ಯಾರು ಕಟ್ತಾರೆ?" ಎನ್ನುತ್ತ ಸೆರಗು ಬಿಗಿದು ಒಳಗೆ ಕೂತಳು. ತುಂಗೆಯ ಸೇತುವೆ ದಾಟುವಾಗ ನನ್ನ ತೋಳು ಹಿಡಿದಿದ್ದ ಕೈ ಸಡಿಲವಾಯಿತು. "ಇಷ್ಟೇನಾ ಇದ್ರ ಓಟ?" ಎಂದಳು.

ಈಗ ಯುದ್ಧ ಬಂದಿದೆ, ಪೆಟ್ರೋಲು ಸಿಗುವುದಿಲ್ಲ. ಕಾರು ಹೋಯಿತು, ಹೋಗುವ ಮುಂಚೆ ಅದರಿಂದ ನಾನು ಬಿಚ್ಚಿಕೊಂಡದ್ದು ತಾಯಿತವೊಂದನ್ನೇ. ಅದೀಗ ನನ್ನ ಸೈಕಲ್ಲಿನ ಹ್ಯಾಂಡಲ್ಲಿನಲ್ಲಿದೆ. ಕೋರ್ಟಿಗೆ ಹೊರಡುವಾಗ ಅತ್ತೆ ದಿನವೂ ಅದನ್ನು ಮುಟ್ಟಿ ನೋಡುತ್ತಾಳೆ. ಸಂಜೆ ತಡವಾಗುತ್ತದೆ, ಸೈಕಲ್ಲಿಗೆ ಕರೆಂಟು ಹುಟ್ಟಿಸುವ ಡೈನಮೋ ದೀಪ ಹಾಕಿಸಿ ಎಂದು ಗೆಳೆಯರು ಹೇಳುತ್ತಲೇ ಇರುತ್ತಾರೆ. ನಾನು ಎಣ್ಣೆಯ ದೀಪದಲ್ಲೇ ಇದ್ದೇನೆ.